ಡೀಸೆಲ್ ಇಂಜಿನ್ ಬ್ರೀದರಲ್ಲಿ ಹೊಗೆ, ಆಯಿಲ್ ಬರ್ತಿದ್ಯಾ? ಇಂಜಿನ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಟ್ರ್ಯಾಕ್ಟರ್ ಆಗ್ಲಿ, ಪಿಕಪ್ ಆಗ್ಲಿ, ಅಪಾರ್ಟ್‌ಮೆಂಟ್ ಜನರೇಟರ್ ಆಗ್ಲಿ, ಬ್ರೀದರ್ ಪೈಪಲ್ಲಿ (ಇಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡೋ ಪೈಪ್) ಹೊಗೆ ಕಂಡ್ರೆ ಸಾಕು, ಗ್ಯಾರೇಜಲ್ಲಿ ಬರೋ ಮೊದಲನೇ ಮಾತೇ "ಬ್ಯಾಕ್ ಕಂಪ್ರೆಷನ್ ಜಾಸ್ತಿ ಆಗಿದೆ ಅಣ್ಣ, ಬೋರಿಗೆ ಬಂದಿದೆ, ಬಿಚ್ಚಬೇಕು" ಅಂತ. ಪಿಸ್ಟನ್ ರಿಂಗ್, ಸಿಲಿಂಡರ್ ಸವೆದು ಗ್ಯಾಸ್ ಕೆಳಗೆ ನುಗ್ತಿದೆ ಅಂತ ಅದರ ಅರ್ಥ. ನಿಜ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಪೈಪ್ ತುದಿಲಿ ಮಣ್ಣು ಕಟ್ಕೊಂಡಿದ್ರೂ, ಬ್ರೇಕಿನ ವ್ಯಾಕ್ಯೂಮ್ ಹೋಸ್ ಒಡೆದಿದ್ರೂ, ಯಾರೋ ಆಯಿಲ್ ಒಂದು ಲೀಟರ್ ಜಾಸ್ತಿ ಸುರಿದಿದ್ರೂ ಹೊರಗಡೆಯಿಂದ ಕಾಣೋದು ಹೆಚ್ಚುಕಮ್ಮಿ ಇದೇ ಥರ. ಹಾಗಾಗಿ ಹೆಡ್ ಬಿಚ್ಚೋ ಮಾತಿಗೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಗ್ಯಾಸ್ ಹೊರಗೆ ಹೋಗೋ ದಾರಿ ಕಟ್ಟಿದ್ಯಾ, ಇಲ್ಲಾ ಒಳಗೆ ಬರ್ತಿರೋ ಗ್ಯಾಸೇ ಜಾಸ್ತಿನಾ? ಜಾಸ್ತಿ ಅಂತ ಆದ್ರೂ ಅದು ರಿಂಗ್ ಸಂದಿಯಿಂದನೇ ಬರ್ತಿದೆ ಅಂತ ಗ್ಯಾರಂಟಿ ಏನಿಲ್ಲ. ಇದನ್ನೆಲ್ಲ ಪತ್ತೆ ಮಾಡೋಕೆ ಬೇಕಾಗೋ ಸಾಮಾನು ಹಾರ್ಡ್‌ವೇರ್ ಅಂಗಡಿಲೇ ಸಿಗತ್ತೆ.

ಒಳಗೆ ಏನಾಗ್ತಿರತ್ತೆ

ರಿಂಗ್ ಎಷ್ಟೇ ಹೊಸದಿದ್ರೂ ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಇಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಬಂದೇ ಬರತ್ತೆ, ಇದೇ ಬ್ಲೋ-ಬೈ. ಅದು ಹೊರಗೆ ಹೋಗೋಕೆ ಇಟ್ಟಿರೋ ದಾರಿ ಬ್ರೀದರ್. ಹೋಗೋವಾಗ ಆಯಿಲ್ ಹನಿಗಳನ್ನ ಜೊತೇಲಿ ಎಳ್ಕೊಂಡು ಹೋಗಬಾರದು ಅಂತ ದಾರೀಲಿ ಒಂದು ಜಾಲರಿನೋ, ಪೇಪರ್ ಎಲಿಮೆಂಟೋ, ಪ್ಲಾಸ್ಟಿಕ್ ಸೆಪರೇಟರೋ ಇರತ್ತೆ. ದಾರಿ ಕಟ್ಕೊಂಡ್ರೆ ಒಳಗೆ ಪ್ರೆಶರ್ ಏರತ್ತೆ, ಸೌದೆ ಒಲೆಯ ಹೊಗೆಗೂಡು ಮಸಿ ಹಿಡಿದು ಮುಚ್ಚಿದ್ರೆ ಹೊಗೆ ಹಂಚಿನ ಸಂದಿಲೆಲ್ಲಾ ತೂರೋ ಹಾಗೆ ಇಲ್ಲೂ ಆಯಿಲ್ ಎಲ್ಲೆಲ್ಲಿ ಸಂದಿ ಸಿಗತ್ತೋ ಅಲ್ಲೆಲ್ಲ ಒಸರೋಕೆ ಶುರು ಆಗತ್ತೆ.

ಎರಡು ಥರ ಇದೆ, ನಿಮ್ಮದು ಯಾವುದು ಅಂತ ಮೊದಲು ನೋಡ್ಕೊಳ್ಳಿ. ಹಳೇ ಟ್ರ್ಯಾಕ್ಟರ್, ಹಳೇ ಲಾರಿ, ಪಂಪ್‌ಸೆಟ್ಟಲ್ಲಿ ಬ್ರೀದರ್ ಪೈಪ್ ಸೀದಾ ಕೆಳಗೆ ಇಳಿದು ನೆಲದ ಕಡೆ ಬಾಯಿ ತೆರೆದಿರತ್ತೆ, ಅದು ಓಪನ್ ಬ್ರೀದರ್. ಈಗಿನ ಟರ್ಬೋ ಗಾಡಿಗಳಲ್ಲಿ ಆ ಪೈಪ್ ವಾಪಸ್ ಏರ್ ಫಿಲ್ಟರಿಗೂ ಟರ್ಬೋಗೂ ಮಧ್ಯೆ ಇರೋ ಹೋಸಿಗೆ ಹೋಗಿ ಸೇರತ್ತೆ, ಅಂದ್ರೆ ಇಂಜಿನ್ ತನ್ನ ಹೊಗೆನ ತಾನೇ ಕುಡಿಯತ್ತೆ, ಇದು ಕ್ಲೋಸ್ಡ್ ಬ್ರೀದರ್. ಇದರಲ್ಲಿ ಸಾಮಾನ್ಯವಾಗಿ ಒಂದು ರಬ್ಬರ್ ಡಯಾಫ್ರಮ್ ಇರೋ ರೆಗ್ಯುಲೇಟರ್ ವಾಲ್ವ್ ಕೂಡ ಇರತ್ತೆ, ಟರ್ಬೋ ಎಳೆಯೋ ಎಳೆತ ಪೂರ್ತಿ ಆಯಿಲ್ ಚೇಂಬರಿಗೆ ಬೀಳದೇ ಇರಲಿ ಅಂತ.

ಯಾವ್ಯಾವ ಲಕ್ಷಣ ಕಂಡ್ರೆ ಬ್ರೀದರ್ ಕಡೆ ನೋಡ್ಬೇಕು

ಕ್ರ್ಯಾಂಕಿನ ಮುಂದಿನ ಅಥವಾ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಸಿ ಸ್ವಲ್ಪ ದಿನಕ್ಕೇ ಮತ್ತೆ ಲೀಕ್ ಆದ್ರೆ ಬ್ರೀದರ್ ಮೇಲೆ ಮೊದಲು ಡೌಟ್ ಪಡಿ. ಟಪೆಟ್ ಕವರ್ ಗ್ಯಾಸ್ಕೆಟ್ ಸುತ್ತ ಎಷ್ಟು ಒರೆಸಿದ್ರೂ ಒದ್ದೆ, ಆಯಿಲ್ ಅಳೆಯೋ ಗೇಜ್ ಕಡ್ಡಿ ತಾನಾಗೇ ಮೇಲೆದ್ದು ನಿಂತಿರೋದು, ಆ ಕಡ್ಡಿ ಸುತ್ತ ಆಯಿಲ್ ಚಿಮ್ಮಿ ಇಂಜಿನ್ ಪಕ್ಕ ಎಲ್ಲಾ ಕಪ್ಪಾಗಿರೋದು, ಇವೆಲ್ಲ ಒಳಗೆ ಪ್ರೆಶರ್ ಇದೆ ಅನ್ನೋ ಸುಳಿವು. ಟರ್ಬೋ ಗಾಡಿಲಿ ಟರ್ಬೋ ತಳ್ಳೋ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್ ಹೋಸ್ ತುಂಬಾ ಆಯಿಲ್, ನೀಲಿ ಹೊಗೆ, "ಟರ್ಬೋ ಹೋಯ್ತು" ಅನ್ನೋ ತೀರ್ಪು, ಇದಕ್ಕೂ ಬ್ರೀದರ್ ಕಾರಣ ಆಗಬಹುದು. ಯಾಕಂದ್ರೆ ಟರ್ಬೋ ಬೇರಿಂಗಿಗೆ ಹೋದ ಆಯಿಲ್ ಪಂಪಿನ ಜೋರಲ್ಲಿ ವಾಪಸ್ ಬರಲ್ಲ, ಸುಮ್ಮನೆ ಇಳಿಜಾರಲ್ಲಿ ಚೇಂಬರಿಗೆ ಇಳಿಯತ್ತೆ, ಚೇಂಬರಲ್ಲಿ ಪ್ರೆಶರ್ ಇದ್ರೆ ಅದು ಇಳಿಯಲ್ಲ, ಟರ್ಬೋ ಒಳಗೇ ನಿಂತು ಸೀಲ್ ದಾಟಿ ಗಾಳಿ ಪೈಪಿಗೆ ಹೋಗತ್ತೆ. ಇದು ಗೊತ್ತಿಲ್ಲದೆ ಟರ್ಬೋ ಬದಲಾಯಿಸಿ, ಹೊಸ ಟರ್ಬೋನೂ ಆಯಿಲ್ ಉಗಿದು, ಟರ್ಬೋ ಮಾರಿದವನ ಜೊತೆ ಜಗಳ ಆಡೋರು ಇದ್ದಾರೆ.

ಬೇಕಾಗೋ ಸಾಮಾನು, ಜೊತೆಗೆ ಎಚ್ಚರಿಕೆ

ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಕೊಳ್ಳೋ ಪಾರದರ್ಶಕ ಲೆವೆಲ್ ಟ್ಯೂಬ್ ಒಂದು ಮೂರು ಮೀಟರ್, ಒಂದು ಪ್ಲೈವುಡ್ ತುಂಡು, ಅಳತೆ ಟೇಪು, ಎರಡು ಹೋಸ್ ಕ್ಲಿಪ್, ಒಂದು ರಟ್ಟಿನ ತುಂಡು, ಬನಿಯನ್ ವೇಸ್ಟ್, ಸ್ವಲ್ಪ ಡೀಸೆಲ್, ಟಾರ್ಚು. ಕಂಪ್ರೆಷನ್ ಗೇಜ್ ಕೊನೆಗೆ ಬೇಕಾಗಬಹುದು, ಅದನ್ನ ಬಾಡಿಗೆಗೋ ಪರಿಚಯದ ಗ್ಯಾರೇಜಿಂದನೋ ತನ್ನಿ.

ಫ್ಯಾನ್ ಬೆಲ್ಟ್ ಹತ್ರ ಸಡಿಲ ಬಟ್ಟೆ, ಪಂಚೆ, ಹೆಗಲ ಮೇಲಿನ ಟವೆಲ್ ಬೇಡವೇ ಬೇಡ. ಬ್ರೀದರ್ ಬಾಯಿನ ಕೈಯಲ್ಲಿ ಮುಚ್ಚಿ "ಎಷ್ಟು ಫೋರ್ಸ್ ಇದೆ ನೋಡೋಣ" ಅನ್ನೋ ಅಭ್ಯಾಸ ತುಂಬಾ ಜನಕ್ಕಿದೆ, ಅದನ್ನ ಬಿಡಿ, ಸರಿ ಇದ್ದ ಸೀಲನ್ನೂ ನೀವೇ ಒಡೆದ ಹಾಗಾಗತ್ತೆ. ಆ ಹೊಗೇಲಿ ಆಯಿಲ್ ಆವಿ ಇರತ್ತೆ, ಬೀಡಿ ಸಿಗರೇಟ್ ದೂರ ಇರಲಿ.

ಇನ್ನೊಂದು ವಿಷಯ ಕ್ಲೋಸ್ಡ್ ಬ್ರೀದರ್ ಇರೋರು ತಲೇಲಿ ಇಟ್ಕೊಳ್ಳಲೇಬೇಕು. ಆಯಿಲ್ ತುಂಬಾ ಜಾಸ್ತಿ ಇಂಟೇಕಿಗೆ ಹೋದ್ರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಉರಿಸ್ಕೊಂಡು ಓಡೋಕೆ ಶುರು ಮಾಡತ್ತೆ, ಆರ್‌ಪಿಎಂ ತಾನಾಗೇ ಏರ್ತಾ ಹೋಗತ್ತೆ, ಕೀ ಆಫ್ ಮಾಡಿದ್ರೂ ನಿಲ್ಲಲ್ಲ. ಗೇರ್‌ಬಾಕ್ಸ್ ಇರೋ ಗಾಡಿಯಾದ್ರೆ ಬ್ರೇಕ್ ಗಟ್ಟಿಯಾಗಿ ತುಳಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡಿಸ್ಬೇಕು, ಇಲ್ಲಾ ಇಂಟೇಕ್ ಬಾಯಿಗೆ ಹಲಗೆ ತುಂಡು ಒತ್ತಿ ಗಾಳಿ ನಿಲ್ಲಿಸ್ಬೇಕು. ಕೈ ಒಡ್ಡಬೇಡಿ, ಬಟ್ಟೆ ಹಿಡಿಬೇಡಿ, ಎರಡನ್ನೂ ಎಳ್ಕೊಳ್ಳತ್ತೆ. ಟೆಸ್ಟ್ ಶುರು ಮಾಡೋಕೆ ಮುಂಚೆನೇ ಒಂದು ಹಲಗೆ ಪಕ್ಕದಲ್ಲಿಟ್ಕೊಳ್ಳಿ, ಇಂಟರ್‌ಕೂಲರಲ್ಲಿ ಆಯಿಲ್ ನಿಂತಿದ್ರೆ ಅದನ್ನ ಖಾಲಿ ಮಾಡಿನೇ ಸ್ಟಾರ್ಟ್ ಮಾಡಿ.

ಹಂತ 1: ಆಯಿಲ್ ಲೆವೆಲ್ ಮತ್ತೆ ಏರ್ ಫಿಲ್ಟರ್

ನಗಬೇಡಿ, ಇಲ್ಲಿಂದನೇ ಶುರು ಮಾಡಿ. ಗಾಡಿ ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ಒರೆಸಿ ನೋಡಿ. ಮೇಲಿನ ಗೆರೆಗಿಂತ ಜಾಸ್ತಿ ಇದ್ರೆ ಕ್ರ್ಯಾಂಕ್ ಆಯಿಲನ್ನ ಕಡೆಯತ್ತೆ, ನೊರೆ ಏಳತ್ತೆ, ನೊರೆ ಸೀದಾ ಬ್ರೀದರಿಗೆ. ಯಾರೂ ಹಾಕದೇ ಲೆವೆಲ್ ಏರಿದ್ರೆ ಹೆಚ್ಚಾಗಿ ಆಯಿಲಿಗೆ ಡೀಸೆಲ್ ಸೇರ್ತಿದೆ ಅಂತ ಅರ್ಥ. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರೋ ಬಿಎಸ್6 ಗಾಡಿಗಳಲ್ಲಿ ಮಸಿ ಸುಡೋ ರೀಜೆನ್ ಅರ್ಧಕ್ಕೆ ಅರ್ಧಕ್ಕೆ ನಿಂತ್ರೆ ಹೀಗಾಗತ್ತೆ, ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸೋ ಸಿಟಿಯವರಿಗೆ ಇದು ಮಾಮೂಲಿ. ಹಳೇ ಇಂಜಿನಲ್ಲಾದ್ರೆ ಫೀಡ್ ಪಂಪ್ ಅಥವಾ ನಾಜಲ್ ಲೀಕ್. ಕಡ್ಡಿ ಮೂಸಿ ನೋಡಿದ್ರೆ ಡೀಸೆಲ್ ವಾಸನೆ ಗೊತ್ತಾಗತ್ತೆ.

ಏರ್ ಫಿಲ್ಟರ್ ಕಟ್ಟಿದ್ರೆ ಟರ್ಬೋ ಮುಂದಿನ ಹೋಸಲ್ಲಿ ಎಳೆತ ಜಾಸ್ತಿ ಆಗಿ ಬ್ರೀದರ್ ಮೂಲಕ ಆಯಿಲನ್ನೇ ಎಳೆಯತ್ತೆ. ಫಿಲ್ಟರ್ ಒಳಗಡೆ ಭಾಗದಲ್ಲಿ ಬೆರಳಾಡಿಸಿ, ಸಣ್ಣ ಧೂಳು ಅಂಟಿದ್ರೆ ಫಿಲ್ಟರ್ ದಾಟಿ ಧೂಳು ಹೋಗ್ತಿದೆ ಅಂತ. ಇದನ್ನ ನೆನಪಿಟ್ಕೊಳ್ಳಿ, ಇಷ್ಟು ದಿನ ಧೂಳು ಕುಡಿದ ಇಂಜಿನಲ್ಲಿ ರಿಂಗ್, ಲೈನರ್ (ಪಿಸ್ಟನ್ ಓಡಾಡೋ ಸಿಲಿಂಡರ್ ಗೋಡೆ) ಸವೆದಿರೋ ಚಾನ್ಸ್ ನಿಜಕ್ಕೂ ಜಾಸ್ತಿ, ರೋಟವೇಟರ್ ಹೊಡೆಯೋ ಟ್ರ್ಯಾಕ್ಟರಲ್ಲಂತೂ ಇದೇ ದೊಡ್ಡ ಶತ್ರು.

ಹಂತ 2: ಬ್ರೀದರ್ ದಾರಿನ ತುದಿಯಿಂದ ಬುಡದ ತನಕ ನೋಡೋದು

ಓಪನ್ ಬ್ರೀದರ್ ಆದ್ರೆ ಪೈಪಿನ ಕೆಳಗಿನ ಬಾಯಿಂದ ಶುರು. ಗದ್ದೆ ಕೆಸರಲ್ಲಿ ಇಳಿದ ಟ್ರ್ಯಾಕ್ಟರಲ್ಲಿ ಅಲ್ಲಿ ಕೆಸರು ಒಣಗಿ ಕಲ್ಲಾಗಿರತ್ತೆ. ಕೊಟ್ಟಿಗೇಲಿ ತಿಂಗಳುಗಟ್ಟಲೆ ನಿಂತ ಗಾಡಿ, ಪಂಪ್‌ಸೆಟ್ಟಾದ್ರೆ ಮಣ್ಣಿನ ಗೂಡು ಕಟ್ಟೋ ಕಣಜ ಪೈಪ್ ಒಳಗೇ ಮನೆ ಮಾಡಿರತ್ತೆ. ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ, ಒಂದು ತಂತಿ ತೂರಿಸಿದ್ರೆ ಎರಡು ಇಂಚು ಒಳಗೆ ಟಕ್ ಅಂತ ನಿಲ್ಲತ್ತೆ, ತಿರುವಿ ಎಳೆದ್ರೆ ಕೆಂಪು ಮಣ್ಣು, ಅದರ ಜೊತೆ ಒಣಗಿದ ಹುಳ. ತಂತಿನ ಹೊರಕ್ಕೆ ಎಳೆಯೋ ಥರ ಕ್ಲೀನ್ ಮಾಡಿ, ಒಳಕ್ಕೆ ತಳ್ಳಬೇಡಿ. ಪೈಪ್ ಬಿಚ್ಚಿಟ್ಟು ಕ್ಲೀನ್ ಮಾಡೋದು ಇನ್ನೂ ಒಳ್ಳೇದು.

ನಮ್ಮ ಕಡೆ ಇನ್ನೊಂದು ಚಾಳಿ ಇದೆ, ಆಯಿಲ್ ಹನಿ ಬೀಳತ್ತೆ ಅಂತ ಬ್ರೀದರ್ ಪೈಪಿಗೆ ನೀರಿನ ಬಾಟಲಿ ನೇತು ಹಾಕಿ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿಬಿಡ್ತಾರೆ. ಬಾಟಲಿ ನೇತು ಹಾಕಿ ತೊಂದ್ರೆ ಇಲ್ಲ, ಗಾಳಿ ಹೋಗೋಕೆ ಮೇಲ್ಗಡೆ ಪೈಪಿನಷ್ಟೇ ಅಗಲದ ತೂತು ಬೇಕು. ಪೂರ್ತಿ ಸೀಲ್ ಮಾಡಿದ್ರೆ ನೀವೇ ಬ್ರೀದರ್ ಬಂದ್ ಮಾಡಿದ ಹಾಗೆ.

ಆಮೇಲೆ ಪೈಪ್ ಪೂರ್ತಿ ಉದ್ದಕ್ಕೆ ಕೈಯಾಡಿಸಿ. ರಬ್ಬರ್ ಹೋಸ್ ಹಳೇದಾದ್ರೆ ಹೊರಗಡೆ ಚೆನ್ನಾಗಿದ್ದು ಒಳಪದರ ಸುಲಿದು ಮುಚ್ಕೊಂಡಿರತ್ತೆ, ಬಿಸಿ ಆದಾಗ ಮೆತ್ತಗಾಗಿ ಚಪ್ಪಟೆ ಆಗೋದೂ ಇದೆ, ಅದಕ್ಕೇ ತಣ್ಣಗಿದ್ದಾಗ ಸರಿ ಇರೋ ಗಾಡಿ ಬಿಸಿ ಆದ್ಮೇಲೆ ಆಯಿಲ್ ಒಸರೋದು. ಎರಡೂ ಕಡೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಟಪೆಟ್ ಕವರ್ ಮೇಲೆ ಅಥವಾ ಪಕ್ಕದಲ್ಲಿ ಜಾಲರಿ ಇರೋ ಡಬ್ಬಿ ಇದ್ರೆ ಬಿಚ್ಚಿ ಡೀಸೆಲಲ್ಲಿ ನೆನೆಸಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ತಂತಿ ಜಾಲರಿ ತೊಳೆಯಬಹುದು, ಪೇಪರ್ ಥರದ ಎಲಿಮೆಂಟ್ ತೊಳೆಯೋ ಹಾಗಿಲ್ಲ, ಹೊಸದೇ ಹಾಕ್ಬೇಕು. ಈ ಎಲಿಮೆಂಟಿಗೂ ಆಯುಸ್ಸು ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲಿ ರಾಮ್ ಪಿಕಪ್ಪಿಗೆ ಬರೋ 6.7 ಲೀಟರ್ ಕಮಿನ್ಸ್ ಇಂಜಿನಿಗೆ ಟಪೆಟ್ ಕವರ್ ಮೇಲಿನ ಬ್ರೀದರ್ ಫಿಲ್ಟರ್ 67,500 ಮೈಲಿಗೆ, ಅಂದ್ರೆ ಸುಮಾರು 1,08,000 ಕಿಲೋಮೀಟರಿಗೆ ಬದಲಾಯಿಸಿ ಅಂತ ಹೇಳಿದ್ರು. ನಿಮ್ಮ ಗಾಡಿ ಸರ್ವಿಸ್ ಬುಕ್ಕಲ್ಲಿ ಈ ಥರ ಒಂದು ಸಾಲು ಇದ್ಯಾ ನೋಡಿ, ಇದ್ರೆ ಅದನ್ನ ಯಾರೂ ಮಾಡಿರಲ್ಲ ಅನ್ನೋದೇ ನನ್ನ ಅಂದಾಜು.

ಸೆಪರೇಟರ್ ಇದ್ರೆ ಅದರ ಕೆಳಗಡೆಯಿಂದ ಚೇಂಬರಿಗೆ ವಾಪಸ್ ಹೋಗೋ ಒಂದು ಸಣ್ಣ ಡ್ರೈನ್ ಪೈಪ್ ಹುಡುಕಿ, ಇದನ್ನ ಬಿಟ್ಟುಬಿಡೋರೇ ಜಾಸ್ತಿ. ಹಿಡಿದ ಆಯಿಲ್ ಇಳಿದು ಹೋಗೋದು ಇದರಲ್ಲಿ, ಇದು ಗಸಿ ಕಟ್ಟಿ ಮುಚ್ಚಿದ್ರೆ ಸೆಪರೇಟರ್ ತುಂಬಿ ತುಳುಕಿ ಆಯಿಲ್ ಎಲ್ಲಾ ಟರ್ಬೋ ಕಡೆ ಹೋಗತ್ತೆ. ಕೆಲವದರಲ್ಲಿ ಇದರೊಳಗೆ ಒಂದೇ ಕಡೆ ಬಿಡೋ ಚಿಕ್ಕ ವಾಲ್ವ್ ಇರತ್ತೆ, ಬಾಯಲ್ಲಿ ಊದಿದ್ರೆ ಇಂಜಿನ್ ಕಡೆ ಹೋಗ್ಬೇಕು, ವಾಪಸ್ ಎಳೆದ್ರೆ ಬರಬಾರದು.

ಹಂತ 3: ಕ್ಯಾಪ್ ಮತ್ತೆ ರಟ್ಟು

ಇಂಜಿನ್ ಚೆನ್ನಾಗಿ ಬಿಸಿ ಆಗಲಿ, ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬರಲಿ. ಐಡಲಲ್ಲಿ ಆಯಿಲ್ ಫಿಲ್ಲರ್ ಕ್ಯಾಪ್ ತಿರುವಿ ಸಡಿಲ ಮಾಡಿ, ಬಿಚ್ಚಿ, ಉಲ್ಟಾ ಮಾಡಿ ಅದೇ ತೂತಿನ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದ್ರೆ ಏನೂ ಅಲ್ಲ. ಕುಣಿದು ಪಕ್ಕಕ್ಕೆ ಹಾರಿ ಬಿದ್ರೆ ಗ್ಯಾಸ್ ಜಾಸ್ತಿ ಇದೆ ಅನ್ನೋ ಅನುಮಾನ. ಅನುಮಾನ ಅಷ್ಟೇ, ತೀರ್ಪಲ್ಲ. ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರೋ ಇಂಜಿನಲ್ಲಿ ಕ್ಯಾಪ್ ತೆಗೆದ್ರೆ ಬಿಸಿ ಆಯಿಲ್ ಎರಚತ್ತೆ, ಮುಖ ದೂರ ಇರಲಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಎಲ್ಲರೂ ಇದೊಂದು ಟೆಸ್ಟ್ ಮಾಡಿ ವ್ಯಾಪಾರ ಮುರಿತಾರೆ, ಆದ್ರೆ ತೂತು ದೊಡ್ಡದಿದ್ರೆ ಕ್ಯಾಪ್ ಕುಣಿಯಲ್ಲ, ಹಗುರ ಪ್ಲಾಸ್ಟಿಕ್ ಕ್ಯಾಪಾದ್ರೆ ಒಳ್ಳೆ ಇಂಜಿನ್ ಮೇಲೂ ಕುಣಿಯತ್ತೆ.

ಕ್ಯಾಪ್ ತೆಗೆಯೋವಾಗ ಒಳಕ್ಕೆ ಎಳೆದು ಹಿಡಿದಂಗೆ ಬಿಗಿ ಇದ್ರೆ, ತೆಗೆದ ಕೂಡ್ಲೆ ಒಂದು ಸಿಳ್ಳೆ ಸದ್ದು ನಿಂತ್ರೆ ಅದು ಉಲ್ಟಾ ಸಮಸ್ಯೆ, ಒಳಗೆ ವ್ಯಾಕ್ಯೂಮ್ ಜಾಸ್ತಿ ಆಗಿದೆ. ಅದರ ಬಗ್ಗೆ ಮುಂದೆ ಹೇಳ್ತೀನಿ.

ಈಗ ರಟ್ಟು. ಬ್ರೀದರ್ ಬಾಯಿ ಮುಂದೆ ಒಂದು ಗೇಣು ದೂರದಲ್ಲಿ ಒಣ ರಟ್ಟು ಒಂದು ನಿಮಿಷ ಹಿಡಿದು ತೆಗೀರಿ. ಒದ್ದೆ ಆಗಿ ಸ್ವಲ್ಪ ಹೊತ್ತಿಗೆ ಒಣಗಿ ಕಲೆ ಇಲ್ಲದೆ ಹೋದ್ರೆ ಅದು ನೀರಾವಿ. ಬೆಳಿಗ್ಗೆ ತಣ್ಣನೆ ಇಂಜಿನಲ್ಲಿ ಬರೋ ಬಿಳಿ ಹಬೆ ಬಹಳ ಸಲ ಇದೇ, ಕ್ಯಾಪ್ ಒಳಗೆ ಬೆಣ್ಣೆ ಥರ ಬಿಳಿ ನೊರೆ ಇರೋದೂ ಇದೇ, ಬರೀ ಹತ್ತಿರದ ಓಡಾಟಕ್ಕೆ ಗಾಡಿ ಬಳಸೋರಿಗೆ ಆಗತ್ತೆ. ಆದ್ರೆ ರೇಡಿಯೇಟರ್ ನೀರು ಕಮ್ಮಿ ಆಗ್ತಿದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ರಟ್ಟಿನ ಮೇಲೆ ಜಿಡ್ಡಿನ ಚುಕ್ಕೆ ಬಿದ್ರೆ ಆಯಿಲ್ ಹನಿ ಬರ್ತಿದೆ, ಜಾಲರಿ ಕೆಲಸ ಮಾಡ್ತಿಲ್ಲ ಅಥವಾ ಗ್ಯಾಸಿನ ವೇಗ ಜಾಸ್ತಿ. ಬೂದು ಹೊಗೆ ಬರ್ತಾನೇ ಇದೆ, ಮೂಗಿಗೆ ಸುಟ್ಟ ವಾಸನೆ, ಆದ್ರೂ ರಟ್ಟು ಒಣಗೇ ಇದೆ ಅಂದ್ರೆ ಉರಿದ ಗ್ಯಾಸೇ ಬರ್ತಿರೋದು.

ಹಂತ 4: ನೀರಿನ ಟ್ಯೂಬಲ್ಲಿ ಅಳೆಯೋದು

ಇದೇ ಮುಖ್ಯವಾದ ಟೆಸ್ಟ್. ಮಾಮೂಲಿ ಪ್ರೆಶರ್ ಗೇಜಲ್ಲಿ ಇದು ಕಾಣಲ್ಲ, ಯಾಕಂದ್ರೆ 1 ಪಿಎಸ್‌ಐ ಅಂದ್ರೆ ಸುಮಾರು 70 ಸೆಂಟಿಮೀಟರ್ ನೀರಿನ ಎತ್ತರ, ನಾವು ನೋಡ್ತಿರೋದು ಕೆಲವೇ ಸೆಂಟಿಮೀಟರ್ ಲೆಕ್ಕ.

ಲೆವೆಲ್ ಟ್ಯೂಬನ್ನ ಯು ಆಕಾರದಲ್ಲಿ ಬಗ್ಗಿಸಿ ಪ್ಲೈವುಡ್ಡಿಗೆ ಕಟ್ಟಿ, ಎರಡೂ ಕಾಲು ಸುಮಾರು ಒಂದು ಮೀಟರ್ ಎತ್ತರ ಇರಲಿ. ಅರ್ಧ ಎತ್ತರಕ್ಕೆ ಇಂಕ್ ಬೆರೆಸಿದ ನೀರು ತುಂಬಿ, ಗುಳ್ಳೆ ಇದ್ರೆ ತಟ್ಟಿ ಬಿಡಿಸಿ. ಒಂದು ತುದಿನ ಗೇಜ್ ಕಡ್ಡಿ ಪೈಪಿಗೆ ರಬ್ಬರ್ ಹೋಸ್ ಹಾಕಿ ಕ್ಲಿಪ್ ಬಿಗಿದು ಸೇರಿಸಿ, ಇನ್ನೊಂದು ತುದಿ ತೆರೆದಿರಲಿ. ಗೇಜ್ ಪೈಪಿನ ತುದಿ ಆಯಿಲಲ್ಲಿ ಮುಳುಗಿರೋ ಇಂಜಿನ್ ಆದ್ರೆ ಈ ಜಾಗ ಬೇಡ, ಹಳೇ ಫಿಲ್ಲರ್ ಕ್ಯಾಪ್ ಒಂದಕ್ಕೆ ತೂತು ಹೊಡೆದು ನಿಪ್ಪಲ್ ಕೂರಿಸಿ ಅಲ್ಲಿಂದ ತಗೊಳ್ಳಿ. ಪ್ಲೈವುಡ್ ನೆಟ್ಟಗೆ ನಿಂತಿರ್ಬೇಕು, ನೀರು ಇಂಜಿನ್ ಒಳಕ್ಕೆ ಹೋಗದ ಹಾಗೆ ಇಂಜಿನ್ ಕಡೆ ಟ್ಯೂಬನ್ನ ಒಂದು ಸುತ್ತು ಮೇಲಕ್ಕೆ ಎತ್ತಿ ಕಟ್ಟಿ.

ಸ್ಟಾರ್ಟ್ ಮಾಡಿದ್ರೆ ನೀರು ಸುಮ್ಮನೆ ಒಂದು ಕಡೆ ಏರಿ ನಿಲ್ಲಲ್ಲ, ಸಣ್ಣಗೆ ನಡುಗ್ತಾ ಮೇಲೆ ಕೆಳಗೆ ಆಡ್ತಿರತ್ತೆ, ಅದರ ಮಧ್ಯದ ಮಟ್ಟ ಹಿಡೀರಿ. ಎರಡೂ ಕಾಲಿನ ಮಟ್ಟದ ವ್ಯತ್ಯಾಸ ಎಷ್ಟೋ ಅದೇ ರೀಡಿಂಗ್, ಅಂದ್ರೆ ಒಂದು ಕಡೆ 2 ಸೆಂಟಿಮೀಟರ್ ಇಳಿದು ಇನ್ನೊಂದು ಕಡೆ 2 ಏರಿದ್ರೆ ರೀಡಿಂಗ್ 4. ತೆರೆದ ಕಡೆ ಏರಿದ್ರೆ ಪ್ರೆಶರ್, ಇಂಜಿನ್ ಕಡೆ ಏರಿದ್ರೆ ವ್ಯಾಕ್ಯೂಮ್. ಐಡಲಲ್ಲಿ ಒಂದು ಸಲ, ಗವರ್ನರ್ ಬಿಡೋ ಪೂರ್ತಿ ಆರ್‌ಪಿಎಂಗೆ ನಿಧಾನಕ್ಕೆ ಏರಿಸಿ ಒಂದು ಸಲ, ಸಾಧ್ಯ ಆದ್ರೆ ಲೋಡಲ್ಲಿ ಒಂದು ಸಲ. ಲೋಡಿನ ರೀಡಿಂಗೇ ನಿಜವಾದ ರೀಡಿಂಗ್. ಜನರೇಟರಿಗೆ ಲೋಡ್ ಹಾಕೋದು ಸುಲಭ, ಟ್ರ್ಯಾಕ್ಟರಿಗೆ ಪಿಟಿಒ (ಹಿಂದಿನ ತಿರುಗೋ ಶಾಫ್ಟ್) ಮೇಲೆ ಏನಾದ್ರೂ ಓಡಿಸಿ.

ಎಷ್ಟು ಇರಬಹುದು ಅನ್ನೋದು ಇಂಜಿನಿಂದ ಇಂಜಿನಿಗೆ ಬೇರೆ, ಸರ್ವಿಸ್ ಮ್ಯಾನುಯಲಲ್ಲಿ ಇರೋ ಲಿಮಿಟ್ಟೇ ಲೆಕ್ಕ. ಮ್ಯಾನುಯಲ್ ಸಿಗದಿದ್ರೆ ಅದೇ ಮಾಡೆಲಿನ, ಚೆನ್ನಾಗಿ ಓಡ್ತಿರೋ ಇನ್ನೊಂದು ಗಾಡಿಗೆ ಇದೇ ಟ್ಯೂಬ್ ಹಾಕಿ ಹೋಲಿಸಿ, ಊರಲ್ಲಿ ಒಂದೇ ಮಾಡೆಲಿನ ಟ್ರ್ಯಾಕ್ಟರ್ ಹುಡುಕೋದೇನೂ ಕಷ್ಟ ಅಲ್ಲ.

ರೀಡಿಂಗ್ ಜಾಸ್ತಿ ಬಂತಾ? ಬ್ರೀದರ್ ಹೋಸ್, ಜಾಲರಿ ಎಲ್ಲ ಕ್ಲೀನ್ ಮಾಡಿ, ಡೌಟ್ ಇದ್ದ ಹೋಸ್ ಬದಲು ಹೊಸ ಹೋಸ್ ಹಾಕಿ, ಅದೇ ಆರ್‌ಪಿಎಂ ಅದೇ ಲೋಡಲ್ಲಿ ಮತ್ತೆ ಅಳೀರಿ. ಇಳಿದು ಮಾಮೂಲಿಗೆ ಬಂದ್ರೆ ದಾರಿ ಕಟ್ಟಿತ್ತು ಅಷ್ಟೇ, ಕೆಲಸ ಮುಗೀತು. ದಾರಿ ಪೂರ್ತಿ ಸರಿ ಇದ್ದೂ ರೀಡಿಂಗ್ ಇಳೀಲಿಲ್ಲ ಅಂದ್ರೆ ಮಾತ್ರ ಗ್ಯಾಸ್ ಜಾಸ್ತಿ. ಇಲ್ಲೊಂದು ಮೋಸ ಇದೆ: ಬ್ರೀದರ್ ಪೂರ್ತಿ ತೆಗೆದು ತೂತು ತೆರೆದಿಟ್ಟು ಅಳೆದು "ಪ್ರೆಶರ್ ಇಲ್ಲ, ಇಂಜಿನ್ ಸೂಪರ್" ಅಂತ ಹೇಳೋರಿದ್ದಾರೆ. ಅಷ್ಟು ದೊಡ್ಡ ತೂತು ಬಿಟ್ರೆ ಎಂಥ ಸವೆದ ಇಂಜಿನಲ್ಲೂ ಪ್ರೆಶರ್ ಕಾಣಲ್ಲ.

ಗ್ಯಾಸ್ ಎಷ್ಟು ಬರ್ತಿದೆ ಅಂತಾನೇ ಅಳೀಬೇಕು ಅಂದ್ರೆ ಬ್ರೀದರ್ ಬಾಯಿಗೆ ಒಂದು ನಿರ್ದಿಷ್ಟ ಸೈಜಿನ ಸಣ್ಣ ತೂತಿರೋ ಬಿಲ್ಲೆ ಹಾಕಿ ಅದರ ಹಿಂದಿನ ಪ್ರೆಶರ್ ನೋಡ್ತಾರೆ, ಕಂಪನಿಗಳ ಬ್ಲೋ-ಬೈ ಟೂಲ್ ಇದೇ ಥರ. ತೂತು ಎಷ್ಟು ಎಂಎಂ ಅನ್ನೋದು ಮ್ಯಾನುಯಲಲ್ಲಿ ಹೇಳಿರೋದೇ ಇರ್ಬೇಕು, ಅಂದಾಜಿಗೆ ಸಣ್ಣ ತೂತು ಹಾಕಿದ್ರೆ ಸೀಲಿಗೆ ಪೆಟ್ಟು. ಒಂದು ಲೆಕ್ಕ ನೆನಪಿರಲಿ, ಈ ಥರ ತೂತಲ್ಲಿ ಗ್ಯಾಸ್ ಎರಡು ಪಟ್ಟಾದ್ರೆ ಪ್ರೆಶರ್ ಸುಮಾರು ನಾಲ್ಕು ಪಟ್ಟಾಗತ್ತೆ, ಹಾಗಾಗಿ ರೀಡಿಂಗ್ ನಾಲ್ಕು ಪಟ್ಟು ಕಂಡು ಗಾಬರಿ ಆಗಬೇಡಿ.

ಹಂತ 5: ರಿಂಗ್ ಅಲ್ಲದೆ ಬೇರೆ ಎಲ್ಲಿಂದ ಗಾಳಿ ಬರ್ತಿರಬಹುದು

ಗ್ಯಾಸ್ ಜಾಸ್ತಿ ಅಂತ ಖಚಿತ ಆಯ್ತು, ಈಗ ಗ್ಯಾರೇಜಿನವರು ಬಿಚ್ಚೋಣ ಅಂತಾರೆ. ತಡೀರಿ, ಇನ್ನೂ ಆಸಾಮಿಗಳು ಇದ್ದಾರೆ, ಅವರನ್ನ ಒಬ್ಬೊಬ್ಬರನ್ನಾಗಿ ಕೇಳ್ಬೇಕು.

ಏರ್ ಬ್ರೇಕ್ ಇರೋ ಲಾರಿ ಬಸ್ಸಾದ್ರೆ ಮೊದಲು ಏರ್ ಕಂಪ್ರೆಸರ್. ಅದಕ್ಕೂ ಪಿಸ್ಟನ್ ರಿಂಗ್ ಇದೆ, ಅದು ಸವೆದ್ರೆ ಗಾಳಿನ ಇಂಜಿನ್ ಚೇಂಬರಿಗೇ ತಳ್ಳತ್ತೆ. ಟ್ಯಾಂಕ್ ತುಂಬೋವಾಗ ನೀರಿನ ರೀಡಿಂಗ್ ನೋಡಿ, ಟ್ಯಾಂಕ್ ತುಂಬಿ ಸುಮಾರು 8 ಬಾರ್ ಹತ್ರ ಗಾಳಿ ಪ್ರೆಶರ್ ಮಿತಿಲಿಡೋ ಏರ್ ಗವರ್ನರ್ ಪುಸ್ ಅಂತ ಬಿಟ್ಟು ಕಂಪ್ರೆಸರ್ ಖಾಲಿ ತಿರುಗೋಕೆ ಶುರು ಆದಾಗ ಮತ್ತೆ ನೋಡಿ. ಆ ಕ್ಷಣಕ್ಕೆ ನೀರು ಎದ್ದು ಕಾಣೋ ಹಾಗೆ ಇಳಿದ್ರೆ ಕಳ್ಳ ಕಂಪ್ರೆಸರ್, ಇಂಜಿನ್ ಮುಟ್ಟಬೇಡಿ.

ಕಾರು, ಪಿಕಪ್ಪಲ್ಲಿ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಪಂಪ್ ಇರತ್ತೆ, ಅದು ಎಳೆದ ಗಾಳಿನ ಬಿಡೋದು ಇಂಜಿನ್ ಒಳಗೇ. ಬೂಸ್ಟರ್ ಹೋಸ್ ಒಡೆದಿದ್ರೆ ಪಂಪ್ ಹೊರಗಿನ ಗಾಳಿನ ಬಿಡದೆ ಎಳ್ಕೊಂಡು ಚೇಂಬರಿಗೆ ತುಂಬ್ತಾನೇ ಇರತ್ತೆ. ಪಂಪಿನ ಹೋಸ್ ಬಿಚ್ಚಿ ಪಂಪ್ ಬಾಯಿಗೆ ರಬ್ಬರ್ ಬಿರಡೆ ಹಾಕಿ ಐಡಲಲ್ಲಿ ನೋಡಿ, ರೀಡಿಂಗ್ ಇಳಿದ್ರೆ ಹೋಸ್ ಅಥವಾ ಬೂಸ್ಟರ್ ಲೀಕ್. ಈ ಸ್ಥಿತಿಲಿ ಬ್ರೇಕ್ ಕಲ್ಲಿನ ಥರ ಆಗಿರತ್ತೆ, ಗಾಡಿ ನಿಂತ ಜಾಗದಿಂದ ಕದಲಿಸಬೇಡಿ.

ಟರ್ಬೋ: ಸೀಲ್ ಹೋಗಿದ್ರೆ ಬೂಸ್ಟ್ ಗಾಳಿ ಮತ್ತೆ ಸೈಲೆನ್ಸರ್ ಕಡೆಯ ಗ್ಯಾಸ್ ಆಯಿಲ್ ವಾಪಸ್ ಪೈಪ್ ಮೂಲಕ ಚೇಂಬರಿಗೆ ಇಳಿಯತ್ತೆ. ಆ ವಾಪಸ್ ಪೈಪನ್ನ ಬ್ಲಾಕ್ ಕಡೆ ಬಿಚ್ಚಿ, ಬ್ಲಾಕಿನ ತೂತು ಮುಚ್ಚಿ, ಪೈಪಿನ ತುದಿನ ಕ್ಯಾನಿಗೆ ಬಿಟ್ಟು ಐಡಲಲ್ಲಿ ಸ್ವಲ್ಪ ಹೊತ್ತು ಮಾತ್ರ ಓಡಿಸಿ ರೀಡಿಂಗ್ ಹೋಲಿಸಿ. ಕ್ಯಾನಿಗೆ ಆಯಿಲ್ ಬೇಗ ತುಂಬತ್ತೆ, ಚೇಂಬರ್ ಖಾಲಿ ಮಾಡ್ಕೋಬೇಡಿ. ಬೂಸ್ಟ್ ಬರದ ಐಡಲಲ್ಲಿ ವ್ಯತ್ಯಾಸ ಕಾಣದೇ ಇದ್ರೂ ಟರ್ಬೋ ನಿರಪರಾಧಿ ಅಂತಲ್ಲ, ಶಾಫ್ಟ್ ಆಟ ಎಷ್ಟಿದೆ ಅಂತಾನೂ ಕೈಯಲ್ಲಿ ನೋಡಿ.

ಇಂಜೆಕ್ಟರ್ ಟಪೆಟ್ ಕವರ್ ಒಳಗೇ ಇರೋ ಇಂಜಿನಾದ್ರೆ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಲೀಕಾದ್ರೂ ಉರಿದ ಗ್ಯಾಸ್ ಸೀದಾ ಕವರ್ ಒಳಗೆ ಬರತ್ತೆ. ಇಂಜೆಕ್ಟರ್ ಬುಡದಲ್ಲಿ ಟಾರಿನ ಥರ ಗಟ್ಟಿ ಕಪ್ಪು ಕಟ್ಟಿರತ್ತೆ, ಚುಕ್ ಚುಕ್ ಸದ್ದು ಬರತ್ತೆ. ವಾಷರಿನ ರೇಟಿಗೂ ಬೋರ್ ಕೆಲಸದ ರೇಟಿಗೂ ಎಷ್ಟು ದೂರ ಅಂತ ನಿಮಗೇ ಗೊತ್ತು.

ಹಂತ 6: ಯಾವ ಸಿಲಿಂಡರ್

ಇಷ್ಟೆಲ್ಲ ಪಾಸಾಗಿ ಬಂದ್ರೆ ಈಗ ಒಪ್ಕೊಳ್ಳೋಣ, ಸಿಲಿಂಡರಿಂದನೇ ಬರ್ತಿದೆ. ಬ್ರೀದರ್ ಬಾಯಲ್ಲಿ ಹೊಗೆ ಒಂದೇ ಸಮ ಹರಿತಿದ್ಯಾ, ಇಲ್ಲಾ ಪುಸ್ ಪುಸ್ ಅಂತ ಲಯಕ್ಕೆ ಬರ್ತಿದ್ಯಾ ಗಮನಿಸಿ. ಒಂದೇ ಸಮ ಆದ್ರೆ ಎಲ್ಲಾ ಸಿಲಿಂಡರ್ ಒಟ್ಟಿಗೆ ಸವೆದಿರೋದು, ಲಯಕ್ಕೆ ಬಂದ್ರೆ ಒಂದರಲ್ಲಿ ರಿಂಗ್ ಮುರಿದಿರೋದು ಅಥವಾ ಪಿಸ್ಟನ್ ಸುಟ್ಟಿರೋದು. ನಿನ್ನೆ ತನಕ ಚೆನ್ನಾಗಿದ್ದು ಇವತ್ತು ಒಮ್ಮೆಲೇ ಜಾಸ್ತಿ ಆಗಿದ್ರೂ ಎರಡನೇದನ್ನೇ ಡೌಟ್ ಪಡಿ, ಸವೆತ ಒಂದು ರಾತ್ರಿಲಿ ಆಗಲ್ಲ.

ಹಳೇ ಪಂಪ್ ನಾಜಲ್ ಇಂಜಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನ ಪಂಪ್ ಕಡೆ ಸಡಿಲ ಮಾಡಿ ಆ ಸಿಲಿಂಡರ್ ಕಟ್ ಮಾಡಿ, ಯಾವುದನ್ನ ಕಟ್ ಮಾಡಿದಾಗ ಬ್ರೀದರ್ ಪುಸ್ ನಿಂತು ಶಾಂತ ಆಗತ್ತೋ ಅದೇ ಕೆಟ್ಟಿರೋ ಸಿಲಿಂಡರ್. ನಟ್ ಮೇಲೆ ಬಟ್ಟೆ ಹಾಕ್ಕೊಳ್ಳಿ, ಕೈ ದೂರ ಇರಲಿ. ಕಾಮನ್ ರೈಲ್ (ಒಂದೇ ಪೈಪಿಂದ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಹೋಗೋ) ಇಂಜಿನಲ್ಲಿ ಇದನ್ನ ಮಾಡಲೇಬಾರದು, ಅಲ್ಲಿ ಪ್ರೆಶರ್ ಸಾವಿರಾರು ಬಾರಿನ ಲೆಕ್ಕ, ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗತ್ತೆ, ಕೈ ಕಳ್ಕೊಂಡೋರಿದ್ದಾರೆ. ಅದಕ್ಕೆ ಸ್ಕ್ಯಾನರಲ್ಲೇ ಇಂಜೆಕ್ಟರ್ ಕಟ್ ಆಪ್ಷನ್ ಇರತ್ತೆ.

ಹಂತ 7: ಕಂಪ್ರೆಷನ್, ಲೀಕ್ ಟೆಸ್ಟ್

ಕಂಪ್ರೆಷನ್ ಗೇಜ್ ಹಾಕಿದಾಗ ನಂಬರ್ ಎಷ್ಟು ಅನ್ನೋದಕ್ಕಿಂತ ಸಿಲಿಂಡರ್ ಸಿಲಿಂಡರ್ ನಡುವೆ ವ್ಯತ್ಯಾಸ ಎಷ್ಟು ಅನ್ನೋದು ಜಾಸ್ತಿ ಹೇಳತ್ತೆ. ಬ್ಯಾಟರಿ ಫುಲ್ ಚಾರ್ಜ್ ಇರಲಿ, ಇಲ್ಲಾಂದ್ರೆ ಎಲ್ಲಾ ಕಮ್ಮಿ ತೋರಿಸತ್ತೆ. ಪೆಟ್ರೋಲ್ ಇಂಜಿನಲ್ಲಿ ಮಾಡೋ ಹಾಗೆ ಸಿಲಿಂಡರಿಗೆ ಆಯಿಲ್ ಸುರಿದು ಎರಡನೇ ಸಲ ನೋಡೋ ಟ್ರಿಕ್ ಇಲ್ಲಿ ಬೇಡ, ಡೀಸೆಲಲ್ಲಿ ಪಿಸ್ಟನ್ ಮೇಲೆ ಜಾಗನೇ ಇಲ್ಲ, ಆಯಿಲ್ ಜಾಸ್ತಿ ಆದ್ರೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ. ಅದರ ಬದಲು ಪಿಸ್ಟನ್ನನ್ನ ಕಂಪ್ರೆಷನ್ ಸ್ಟ್ರೋಕಿನ ಟಾಪಿಗೆ (ಎರಡೂ ವಾಲ್ವ್ ಮುಚ್ಚಿರೋ ಹಾಗೆ) ತಂದು ನಾಜಲ್ ತೂತಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಡಿ, ಫಿಲ್ಲರ್ ತೂತಲ್ಲಿ ಸುಯ್ ಅಂದ್ರೆ ರಿಂಗ್, ಇಂಟೇಕಲ್ಲಿ ಅಥವಾ ಸೈಲೆನ್ಸರಲ್ಲಿ ಬಂದ್ರೆ ವಾಲ್ವ್, ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಹೆಡ್ ಗ್ಯಾಸ್ಕೆಟ್. ಗಾಳಿ ಬಿಟ್ಟ ಕೂಡ್ಲೆ ಇಂಜಿನ್ ತಿರುಗಬಹುದು, ಕ್ರ್ಯಾಂಕ್ ಮೇಲೆ ಸ್ಪ್ಯಾನರ್ ಬಿಟ್ಟಿರಬೇಡಿ.

ರಿಂಗ್ ಅಂತ ಬಂದ್ರೂ ಎರಡು ಕೇಸಲ್ಲಿ ಸ್ವಲ್ಪ ಕಾಯ್ರಿ. ಈಗಷ್ಟೇ ಬೋರ್ ಮಾಡಿಸಿದ ಇಂಜಿನಲ್ಲಿ ರಿಂಗ್ ಕೂರೋ ತನಕ ಬ್ಲೋ-ಬೈ ಸ್ವಲ್ಪ ಜಾಸ್ತಿನೇ. ಇನ್ನೊಂದು ಅಪಾರ್ಟ್‌ಮೆಂಟ್ ಜನರೇಟರ್. ದೊಡ್ಡ ಸೆಟ್ ತಂದು ಲಿಫ್ಟು ಮತ್ತೆ ಮೆಟ್ಟಿಲ ಲೈಟಿಗೆ ಮಾತ್ರ ಓಡಿಸ್ತಾರೆ, ಶೇಕಡಾ 30ಕ್ಕಿಂತ ಕಮ್ಮಿ ಲೋಡಲ್ಲಿ ವರ್ಷಗಟ್ಟಲೆ ಓಡಿದ್ರೆ ರಿಂಗ್ ಹಿಂದೆ ಗ್ಯಾಸ್ ಪ್ರೆಶರ್ ಸಾಲದೆ ಲೈನರ್ ಗಾಜಿನ ಥರ ಮೆರುಗು ಹಿಡಿಯತ್ತೆ. ಶುರುವಲ್ಲೇ ಕಂಡ್ರೆ ಒಳ್ಳೇ ಲೋಡ್ ಕೊಟ್ಟು ಕೆಲವು ಗಂಟೆ ಓಡಿಸಿದ್ರೆ ಸುಧಾರಿಸೋ ಚಾನ್ಸ್ ಇದೆ, ತುಂಬಾ ಹಳೇದಾಗಿದ್ರೆ ಹೋನಿಂಗ್ (ಲೈನರ್ ಒಳಮೈನ ಕಲ್ಲಲ್ಲಿ ಉಜ್ಜಿ ಒರಟು ಮಾಡೋದು) ಮಾಡಿಸಲೇಬೇಕು.

ವ್ಯಾಕ್ಯೂಮ್ ಜಾಸ್ತಿ ಆದ್ರೆ

ಕ್ಲೋಸ್ಡ್ ಬ್ರೀದರಲ್ಲಿ ನೀರಿನ ಟ್ಯೂಬ್ ಸ್ವಲ್ಪ ವ್ಯಾಕ್ಯೂಮ್ ತೋರಿಸೋದು ಮಾಮೂಲಿ. ಆರ್‌ಪಿಎಂ ಏರಿಸಿದ ಹಾಗೆ ವ್ಯಾಕ್ಯೂಮ್ ಏರ್ತಾನೇ ಹೋದ್ರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ರೆಗ್ಯುಲೇಟರ್ ಡಯಾಫ್ರಮ್ ಹರಿದಿದೆ. ಹರಿದ ಡಯಾಫ್ರಮ್ ಮೇಲಿನ ಸಣ್ಣ ಗಾಳಿ ತೂತಿಂದ ಸಿಳ್ಳೆ ಬರತ್ತೆ, ಬೆರಳಿಟ್ರೆ ಸದ್ದು ಬದಲಾಗತ್ತೆ. ಇಲ್ಲಿ ಸೀಲ್ ಉಲ್ಟಾ ಕೆಲಸ ಮಾಡಿ ಹೊರಗಿನ ಧೂಳನ್ನ ಒಳಕ್ಕೆ ಎಳೆಯತ್ತೆ, ಆಯಿಲ್ ಲೀಕ್ ಕಾಣದೇ ಇರೋದ್ರಿಂದ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಅದಕ್ಕೇ ಇದು ಇನ್ನೂ ಕೆಟ್ಟದ್ದು. ಕ್ಲೀನ್ ಮಾಡೋವಾಗ ಕಂಪ್ರೆಸರ್ ಗಾಳಿ ಹೊಡೆದು ಡಯಾಫ್ರಮ್ ಹರಿಯೋದೂ ಉಂಟು, ಬಟ್ಟೇಲಿ ಒರೆಸಿದ್ರೆ ಸಾಕು.

ಲಿಸ್ಟರ್ ಥರದ ಒಂಟಿ ಸಿಲಿಂಡರ್ ಪಂಪ್‌ಸೆಟ್ ಇರೋರಿಗೆ ಒಂದು ಮಾತು. ಇದರಲ್ಲಿ ಬ್ರೀದರ್ ಬರೀ ತೂತಲ್ಲ, ಒಳಗೆ ಗಾಳಿ ಹೊರಗೆ ಮಾತ್ರ ಬಿಡೋ ತೆಳು ಬಿಲ್ಲೆ ಇರತ್ತೆ. ಪಿಸ್ಟನ್ ಇಳಿದಾಗ ಪುಸ್ ಅನ್ನೋದು ಇದರಲ್ಲಿ ಸಹಜ. ಬಿಲ್ಲೆ ಜಿಡ್ಡು ಹಿಡಿದು ಅಂಟಿದ್ರೆ, ಅಥವಾ ಯಾರೋ ಬಿಸಾಕಿದ್ರೆ, ಫ್ಲೈವೀಲ್ ಕಡೆ ಆಯಿಲ್ ಸುರಿಯತ್ತೆ. ಬಿಚ್ಚಿ ಡೀಸೆಲಲ್ಲಿ ತೊಳೆದು, ಬಿಲ್ಲೆ ಟಕಟಕ ಅಂತ ಸಲೀಸಾಗಿ ಆಡತ್ತಾ ನೋಡಿ ಹಾಕಿ.

ರಿಪೇರಿ ಆದ್ಮೇಲೆ

ಕಾರಣ ಸಿಕ್ಕಿ ಸರಿ ಮಾಡಿದ್ಮೇಲೆ ಸೀಲ್ ಗ್ಯಾಸ್ಕೆಟ್ ತಕ್ಷಣ ಬದಲಾಯಿಸಬೇಡಿ. ಇಂಜಿನ್ ಹೊರಗಡೆ ಡೀಸೆಲಲ್ಲಿ ತೊಳೆದು ಒಣಗಿಸಿ ಒಂದು ವಾರ ಓಡಿಸಿ ನೋಡಿ, ಪ್ರೆಶರ್ ಇಳಿದ್ಮೇಲೆ ಎಷ್ಟೋ ಲೀಕ್ ತಾನಾಗೇ ನಿಂತಿರತ್ತೆ, ಆಮೇಲೂ ಒದ್ದೆ ಆಗೋ ಸೀಲ್ ಮಾತ್ರ ಬದಲಾಯಿಸಿ. ಇಂಟರ್‌ಕೂಲರ್ ಮತ್ತೆ ಹೋಸಲ್ಲಿ ಉಳಿದ ಆಯಿಲ್ ಒರೆಸಿ ತೆಗೀರಿ, ಇಲ್ಲಾಂದ್ರೆ ಸ್ವಲ್ಪ ದಿನ ನೀಲಿ ಹೊಗೆ ಬರ್ತಾನೇ ಇದ್ದು ರಿಪೇರಿ ಆಗಿಲ್ಲ ಅನ್ಸತ್ತೆ. ಬಿಎಸ್6 ಗಾಡಿಲಿ ಬ್ರೀದರ್ ಹೋಸನ್ನ ಇಂಟೇಕಿಂದ ಬಿಡಿಸಿ ಹೊರಗೆ ಬಿಡೋ ಐಡಿಯಾ ಯಾರಾದ್ರೂ ಕೊಟ್ರೆ ಒಪ್ಪಬೇಡಿ, ಕೆಲವದರಲ್ಲಿ ಚೆಕ್ ಲೈಟ್ ಬರತ್ತೆ, ಹೋಸ್ ಬಿಟ್ಟ ತೂತಿಂದ ಫಿಲ್ಟರ್ ಆಗದ ಧೂಳು ಸೀದಾ ಟರ್ಬೋಗೆ ಹೋಗತ್ತೆ. ನೀರಿನ ಟ್ಯೂಬಿನ ಐಡಲ್, ಪೂರ್ತಿ ಆರ್‌ಪಿಎಂ, ಲೋಡ್ ಈ ಮೂರು ರೀಡಿಂಗನ್ನ ಗಂಟೆ ಮೀಟರಿನ ನಂಬರ್ ಜೊತೆ ಸರ್ವಿಸ್ ಬುಕ್ಕಲ್ಲಿ ಬರೆದಿಡಿ, ಮುಂದಿನ ಆಯಿಲ್ ಚೇಂಜಿಗೆ ಮತ್ತೆ ಅಳೆದು ಪಕ್ಕದಲ್ಲೇ ಬರೀರಿ.